ಬಾಡಿಗೆ ಏಡಿಯ ಹಕ್ಕು

“ಮೇಡಂ, ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ. ಪಾಚಿ ಮೇಲೆ ಜಾರಿ ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ.”

ಸಮುದ್ರ ಹಿಂದೆ ಸರಿದಿತ್ತು. ಬಂಡೆಗಳ ಸಂದಿಯಲ್ಲಿ ಉಳಿದ ನೀರಿನ ಮುಂದೆ ಚಿತ್ರಕಾರ ಕುಕ್ಕರುಗಾಲಲ್ಲಿ ಕೂತಿದ್ದ. ಕಣ್ಣಾರೆ ಕಾಣದ್ದನ್ನು ಅವನು ಬರೆಯುವವನಲ್ಲ. ಹಾಗಾಗಿ ಆರು ವರ್ಷಗಳಿಂದ ಮಕ್ಕಳ ಪುಸ್ತಕದ ಕೆಲಸವೆಲ್ಲ ಇಳಿತದ ಹೊತ್ತು ನೋಡಿಕೊಂಡು ಈ ಬಂಡೆಗಳ ಮೇಲೆಯೇ ನಡೆಯುತ್ತಿತ್ತು. ಅವನು ಚಿತ್ರ ಬರೆದರೆ, ಸಂಪಾದಕಿ ಪಕ್ಕದಲ್ಲಿ ಕೂತು ಅದಕ್ಕೆ ಕಥೆ ಕಟ್ಟುತ್ತಿದ್ದಳು. ಖಾಲಿ ಶಂಖ ಕಂಡಲ್ಲೆಲ್ಲ ನುಗ್ಗಿ ಸಂಸಾರ ಹೂಡುವ ‘ಬಾಡಿಗೆ ಏಡಿ’ ಹುಟ್ಟಿದ್ದು ಹಾಗೆ. ಈಗ ಯಾವ ಮಗುವನ್ನು ಕೇಳಿದರೂ ಅದರ ಕಥೆ ಬಾಯಿಪಾಠ.

“ಈ ನಕ್ಷತ್ರಮೀನು ನೋಡಿ, ಒಂದು ತೋಳೇ ಹೋಗಿದೆ,” ಅಂದ. “ಮತ್ತೆ ಬೆಳೆಯುತ್ತೆ ಬಿಡಿ. ನಮ್ಮ ಹಾಗಲ್ಲ.”

ಬೇರೆ ದಿನವಾಗಿದ್ದರೆ ಅವಳು ಮರುಮಾತು ಎಸೆಯುತ್ತಿದ್ದಳು. ಇವತ್ತು ಬ್ಯಾಗನ್ನು ಎದೆಗೊತ್ತಿಕೊಂಡಳು.

“ಯಾಕೆ, ಹೊಸ ಕಂಪನಿಯವರು ನಗೋದಕ್ಕೂ ಪರ್ಮಿಷನ್ ತಗೋಬೇಕು ಅಂದ್ರಾ?”

ಅವಳು ಕೆಲಸಕ್ಕಿದ್ದ ಪ್ರಕಾಶನದ ವಯಸ್ಸಾದ ಯಜಮಾನರು ಕಣ್ಮುಚ್ಚಿದ ಮೇಲೆ ಆ ಪುಟ್ಟ ಸಂಸ್ಥೆಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತ್ತು. ಅವಳು ಬ್ಯಾಗಿನಿಂದ ಆ ಕಂಪನಿಯ ಕಾಗದ ತೆಗೆದಳು.

“ಬಾಡಿಗೆ ಏಡಿ ಇನ್ಮೇಲೆ ಅವರದು. ಪುಸ್ತಕ, ಗೊಂಬೆ, ಕಾರ್ಟೂನು, ಎಲ್ಲ. ಅವರ ಸ್ಟುಡಿಯೋದವರೇ ಬರೀತಾರಂತೆ. ನೀವು... ನೀವು ಅದನ್ನ ಇನ್ನು ಬರೆಯೋ ಹಾಗಿಲ್ಲ. ಎಲ್ಲೂ.”

ಅವನು ನಕ್ಕುಬಿಟ್ಟ. “ನನ್ನ ಏಡೀನ ನಾನೇ ಬರೆಯೋ ಹಾಗಿಲ್ವಾ? ಹಾಗಂತ ಬರೆದುಕೊಟ್ಟ ಪುಣ್ಯಾತ್ಮ ಯಾರು?”

“ನಾನು.”

ಅವನ ನಗು ಅರ್ಧಕ್ಕೇ ಕಮರಿತು.

“ನಿಮ್ಮ ಅಗ್ರಿಮೆಂಟ್ ಟೈಪ್ ಮಾಡಿದ್ದು ನಾನು. ಪಠ್ಯಪುಸ್ತಕದ ಚಿತ್ರಗಳಿಗೆ ಬಳಸ್ತಿದ್ದ ಹಳೇ ನಮೂನೇನೇ ತಗೊಂಡೆ. ಬರೆದದ್ದೆಲ್ಲ ಸಂಸ್ಥೆಗೆ ಸೇರತಕ್ಕದ್ದು ಅಂತಿತ್ತು ಅದರಲ್ಲಿ. ಆ ಸಾಲು ಆಮೇಲೆ ಕಣ್ಣಿಗೆ ಬಿತ್ತು. ಯಜಮಾನರು ಇರೋವರೆಗೆ ಏನೂ ಆಗಲ್ಲ ಅಂತ ಸುಮ್ಮನಾದೆ. ನೀವಂತೂ ಓದದೇ ಸೈನ್ ಹಾಕಿದ್ರಿ.”

“ಓದೋದೇನಿತ್ತು? ಕೊಟ್ಟಿದ್ದು ನೀವಲ್ವಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

“ಇದು ಒಪ್ಪಿಗೆ ಪತ್ರ,” ಅಂದಳು. “ಸೈನ್ ಮಾಡದಿದ್ರೆ ಕೋರ್ಟಿಗೆ ಎಳೀತಾರೆ.”

“ನಿಮ್ಮನ್ನ ಕೆಲಸದಲ್ಲಿ ಇಟ್ಕೊಂಡಿದ್ದಾರಾ?”

“ಮಕ್ಕಳ ವಿಭಾಗಕ್ಕೆ ಹೆಡ್. ಬೇಡ ಅನ್ನೋಣ ಅಂದ್ರೆ, ಹಾಸಿಗೆ ಹಿಡಿದಿರೋ ಅಮ್ಮ, ಮಗಳ ಸ್ಕೂಲು...”

ಗಂಡ ತೀರಿಕೊಂಡ ಮೇಲೆ ಮನೆ ನಿಂತಿದ್ದು ಅವಳೊಬ್ಬಳ ಭುಜದ ಮೇಲೆ. ಅವನಿಗೂ ಅದು ಗೊತ್ತಿತ್ತು.

“ಕೆಲಸ ಬಿಡಬೇಡಿ,” ಅಂದ. ಆಮೇಲೆ ನೀರಿನಲ್ಲಿದ್ದ ಶಂಖವೊಂದರತ್ತ ಬೊಟ್ಟು ಮಾಡಿದ. “ಏಡಿ ಶಂಖದಿಂದ ಅರ್ಧ ಮುಖ ಹೊರಗಿಟ್ಟು ನೋಡುತ್ತಲ್ಲ, ಮಕ್ಕಳು ಮುದ್ದು ಮಾಡೋ ಆ ನೋಟ, ಅದು ಯಾವ ಏಡೀದೂ ಅಲ್ಲ ಮೇಡಂ. ನಾನು ಆಫೀಸಿಗೆ ಬಂದಾಗ ನೀವು ಫೈಲಿನ ಹಿಂದಿಂದ ನೋಡ್ತಿದ್ರಲ್ಲ, ನೋಡೇ ಇಲ್ಲ ಅನ್ನೋ ಹಾಗೆ. ಅದು.”

ಅವಳ ಕಿವಿ ಬಿಸಿಯಾಯಿತು. “ಗೊತ್ತಿತ್ತಾ ನಿಮಗೆ?”

“ಹೇಳೋಕೆ ಧೈರ್ಯ ಬರಲಿಲ್ಲ. ಬರೆದೆ. ಈಗ ಅದೂ ಕಂಪನೀದು.”

“ಅಲ್ಲ,” ಅಂದಳು. “ಅದು ನಿಮ್ಮದೇ.”

“ಹಾಗಿದ್ರೆ ಅಗ್ರಿಮೆಂಟ್ ವಿಷಯ ಅವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ.”

ಅವನು ಎದ್ದು ಪೆನ್ನು ಕೇಳಿದ. ಬಂಡೆಗಳೆಲ್ಲ ಒದ್ದೆ. ಕಾಗದ ಇಡಲು ಅಂಗೈಯಗಲ ಒಣ ಜಾಗವಿರಲಿಲ್ಲ.

“ತಿರುಗಿ,” ಅಂದ.

ಅವಳು ತಿರುಗಿ ನಿಂತಳು. ಕಾಗದ ಬೆನ್ನ ಮೇಲೆ ಕೂತಿತು. ಆರು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಪೆನ್ನಿನ ಮೊನೆ ಬಟ್ಟೆಯಾಚೆಯಿಂದ ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತುತ್ತ ಹೋಯಿತು. ಅಕ್ಷರ ಮುಗಿದವು. ಅಂಗೈ ಮಾತ್ರ ಅಲ್ಲೇ ಉಳಿಯಿತು.

“ತಿರುಗಬೇಡಿ. ನೀವು ನೋಡಿದ್ರೆ ನನಗೆ ಹೋಗೋಕಾಗಲ್ಲ.”

ಭುಜದ ಮೇಲಿಂದ ಕಾಗದ ಅವಳ ಕೈಗೆ ಬಂತು. ಹಿಂದೆ ಹೆಜ್ಜೆ ಸಪ್ಪಳ ದೂರವಾಯಿತು. ಉಬ್ಬರದ ನೀರು ಕಾಲ್ಬೆರಳು ಮುಟ್ಟಿ ಮೀನಖಂಡಕ್ಕೆ ಏರಿತು. ಬೆನ್ನ ಮೇಲಿನ ಬಿಸಿ ಆರುವವರೆಗೂ ಅವಳು ಹಾಗೇ ನಿಂತಿದ್ದಳು.