ಸ್ಟುಡಿಯೊ ಕುದುರೆ ಕಳವು ಪ್ರಕರಣ

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಊರಿನ ಪತ್ರಾಗಾರದ ಮುಖ್ಯಸ್ಥೆ. ಹಳೆಯ ಕಾಗದಪತ್ರ, ಫೋಟೊಗಳನ್ನು ಕಾಪಾಡುವ ಆ ಕಟ್ಟಡದಿಂದ ಪೊಲೀಸರಿಗೆ ಅದುವರೆಗೆ ಒಂದೂ ದೂರು ಬಂದಿರಲಿಲ್ಲ.

“ಏನು ಕಳುವಾಗಿದೆ?” ಇನ್‌ಸ್ಪೆಕ್ಟರ್ ಕೇಳಿದರು.

“ಕುದುರೆ, ಮೇಡಂ.”

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದರು. ಠಾಣೆಯವರಿಗೆಲ್ಲ ಅವರು ದೊಡ್ಡಪ್ಪ. “ಗಂಡೋ, ಹೆಣ್ಣೋ?”

“ಮರದ್ದು.”

ಮುಚ್ಚಿಹೋದ ಫೋಟೊ ಸ್ಟುಡಿಯೊದ ಸಾಮಾನು ಕಳೆದ ತಿಂಗಳು ಪತ್ರಾಗಾರಕ್ಕೆ ಬಂದಿತ್ತು. ಕ್ಯಾಮೆರಾ, ಸರೋವರ ಬರೆದ ಪರದೆ, ಊರಿನ ಮಕ್ಕಳೆಲ್ಲ ಹತ್ತಿ ಇಳಿದಿದ್ದ ಕೆಂಪು ಕುದುರೆ. ಭಾನುವಾರ ಸಾರ್ವಜನಿಕ ಕಾರ್ಯಕ್ರಮ. ಅಂದು ಮಕ್ಕಳನ್ನು ಕೂರಿಸಿ ಫೋಟೊ ತೆಗೆದು, ಮರುದಿನ ಕುದುರೆಯನ್ನು ಗಾಜಿನೊಳಗೆ ಇಡುವ ಏರ್ಪಾಟು.

“ನಾಳೆ ಇನ್ನೂರು ಮಕ್ಕಳು ಬರ್ತಾರೆ. ಕುರ್ಚಿ ತೋರಿಸಿ ಇದೇ ಕುದುರೆ ಅನ್ಕೊಳ್ಳಿ ಅನ್ನಲಾ?” ಮುಖ್ಯಸ್ಥೆಯ ಕಣ್ಣು ತುಂಬಿತು.

ಎಫ್‌ಐಆರ್ ದಾಖಲಾಯಿತು. ಹತ್ತಕ್ಕೆ ಸ್ಥಳ ಪಂಚನಾಮೆ.

ಮುಂಬಾಗಿಲ ಬೀಗ ಗಟ್ಟಿಯಾಗಿತ್ತು. ಕಿಟಕಿಗಳಿಗೆ ಏನೂ ಆಗಿರಲಿಲ್ಲ. ದೊಡ್ಡಪ್ಪ ಹಿಂಬಾಗಿಲ ಬೀಗ ತೆಗೆಸಿ ತಳ್ಳಿದಾಗ ಮುಖ್ಯಸ್ಥೆ ಬೆಚ್ಚಿದರು. “ಇದು ಕಿರ್ ಅನ್ನಲೇ ಇಲ್ಲವಲ್ಲ! ನಾನು ಕೆಲಸಕ್ಕೆ ಸೇರಿದಾಗಿನಿಂದ ಕಿರುಗುಟ್ಟುತ್ತಿತ್ತು.”

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಕೀಲಿನ ತಿರುಪುಗಳನ್ನು ಬಿಚ್ಚಿ, ಮತ್ತೆ ಸೊಗಸಾಗಿ ಕೂರಿಸಿ, ಎಣ್ಣೆಯನ್ನೂ ಬಿಡಲಾಗಿತ್ತು.

“ಬಾಗಿಲು ಮುರಿಯೋ ಕಳ್ಳರನ್ನ ನೋಡಿದೀನಿ, ರಿಪೇರಿ ಮಾಡೋ ಕಳ್ಳನ್ನ ಇದೇ ಮೊದಲು ನೋಡ್ತಿರೋದು,” ಎಂದರು ದೊಡ್ಡಪ್ಪ.

“ಈ ಬಾಗಿಲ ಬಗ್ಗೆ ಯಾರಾದ್ರೂ ಮಾತಾಡಿದ್ರಾ?” ಇನ್‌ಸ್ಪೆಕ್ಟರ್ ಮುಖ್ಯಸ್ಥೆಯನ್ನು ಕೇಳಿದರು.

“ಸ್ಪ್ಯಾನರ್ ತಾತ. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದೋರು. ಬಂದಾಗೆಲ್ಲ, ಇದಕ್ಕೊಂದಿಷ್ಟು ಎಣ್ಣೆ ಬಿಡಿಸಮ್ಮ ಅಂತಿದ್ರು.”

“ಯಾಕೆ ಬರ್ತಿದ್ರು?”

ಮುಖ್ಯಸ್ಥೆ ಗೋಡೆಯತ್ತ ಕೈ ತೋರಿಸಿದರು. ಊರಿನವರು ಪ್ರದರ್ಶನಕ್ಕೆ ಕೊಟ್ಟ ಹಳೆಯ ಫೋಟೊಗಳು ಅಲ್ಲಿದ್ದವು. ತಾತ ಕೊಟ್ಟದ್ದರಲ್ಲಿ ಕುದುರೆಯ ಮೇಲೆ ಎದೆ ಉಬ್ಬಿಸಿ ಕೂತ ಹುಡುಗ. ಅಂಚಿನಲ್ಲಿ ಕುದುರೆಯ ಬಾಲ ಹಿಡಿದ ಒಂದು ಪುಟ್ಟ ಕೈ ಮಾತ್ರ.

“ಈ ಕೈ ಯಾರದು?”

“ತಂಗೀದಂತೆ. ದೊಡ್ಡೋರು ಕೂರಬಹುದಾ ಅಂತ ಕೇಳಿದ್ರು. ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ ಅಂದೆ.”

ಇನ್‌ಸ್ಪೆಕ್ಟರ್ ಜೀಪಿನ ಕೀಲಿ ಕೈಗೆತ್ತಿಕೊಂಡರು.

ತಾತನ ಮನೆಯ ಬೀದಿಗೆ ತಿರುಗುವಾಗಲೇ ನಗು ಕೇಳಿಸುತ್ತಿತ್ತು. ಅಂಗಳದಲ್ಲಿ ಒಂದು ತಳ್ಳುಗಾಡಿ, ಕಂಬಳಿ. ಬಿಸಿಲಿನಲ್ಲಿ ಕೆಂಪು ಕುದುರೆ. ಅದರ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂತಿದ್ದ ಬೆಳ್ಳಿಕೂದಲಿನ ಹೆಂಗಸು ಅಣ್ಣನನ್ನು ಗದರುತ್ತಿದ್ದರು. “ಬೆರಳು ಅಡ್ಡ ಬರ್ತಿದೆ ಕಣೋ ಅಣ್ಣ!”

ಸ್ಪ್ಯಾನರ್ ತಾತ ಮೊಬೈಲ್ ಕೆಳಗಿಳಿಸಿ ಖಾಕಿ ಬಟ್ಟೆ ನೋಡಿದರು.

“ಅಮ್ಮಾ, ಇಳೀರಿ. ಅದು ಕಳವಿನ ಮಾಲು,” ಎಂದರು ದೊಡ್ಡಪ್ಪ.

“ಸ್ವಲ್ಪ ತಡಿಯಪ್ಪ. ಎರಡು ಫೋಟೊ ತೆಗೆದ, ಎರಡರಲ್ಲೂ ನನಗೆ ತಲೇನೇ ಇಲ್ಲ.”

ದೊಡ್ಡಪ್ಪ ಇನ್‌ಸ್ಪೆಕ್ಟರ್ ಮುಖ ನೋಡಿದರು. ಅವರು ಗಂಭೀರವಾಗಿಯೇ ಹೇಳಿದರು: “ಮಾಲು ವಶಪಡಿಸಿಕೊಳ್ಳೋ ಮುಂಚೆ ಇದ್ದ ಸ್ಥಿತೀಲೇ ಫೋಟೊ ತೆಗೀಬೇಕು. ನೀಟಾಗಿ ತೆಗೀರಿ ದೊಡ್ಡಪ್ಪ.”

ದೊಡ್ಡಪ್ಪ ಮಂಡಿಯೂರಿ ತೆಗೆದರು. ತಲೆ, ಕಾಲು, ಬಾಲ, ಬಾಯ್ತುಂಬ ನಗು ಎಲ್ಲವೂ ಬಂದವು.

ಜೊತೆಗೇ ಜೀಪಿನಲ್ಲಿ ಬಂದಿದ್ದ ಮುಖ್ಯಸ್ಥೆ ಓಡಿ ಬಂದು ಕುದುರೆಯನ್ನು ತಡವಿದರು. “ಮುಂಗಾಲು ಅಲ್ಲಾಡ್ತಿತ್ತಲ್ಲ?”

“ಬಿಗಿ ಮಾಡಿದೀನಿ. ತಂಗಿ ಬಿದ್ದಿದ್ರೆ?” ಎಂದರು ತಾತ. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. “ನಾನೇ ತಂದದ್ದು. ಇವಳಿಗೇನೂ ಗೊತ್ತಿಲ್ಲ. ಸಂಜೆಯೊಳಗೆ ಇಟ್ಟು ಬರೋನಿದ್ದೆ. ಹಿಡ್ಕೊಂಡು ಹೋಗ್ತೀರಾ?”

“ಹೋಗಲೇಬೇಕು, ತಾತ.”

“ಸರಿ, ಒಲೆ ಆರಿಸಿ ಬರ್ತೀನಿ.”

ಹನ್ನೊಂದೂವರೆಗೆ ಆರೋಪಿಯ ಬಂಧನವಾಯಿತು. ಕುದುರೆ ಜೀಪಿನ ಹಿಂದಿನಿಂದ ಕತ್ತು ಹೊರಹಾಕಿಕೊಂಡು ಊರೆಲ್ಲ ನೋಡುವಂತೆ ಠಾಣೆಗೆ ಬಂತು, ಪಕ್ಕದಲ್ಲಿ ತಂಗಿ. ಸಂಜೆ ಮ್ಯಾಜಿಸ್ಟ್ರೇಟರು ತಾತನಿಗೆ ಜಾಮೀನು ಕೊಟ್ಟು, ಕುದುರೆಯನ್ನು ಪತ್ರಾಗಾರದ ವಶಕ್ಕೆ ಒಪ್ಪಿಸಿದರು.

ಭಾನುವಾರ ಮುಖ್ಯಸ್ಥೆ ವಯಸ್ಸಿನ ಮಿತಿಯ ಫಲಕವನ್ನು ತಾವೇ ಕಿತ್ತು ಹಾಕಿದರು. ಮಕ್ಕಳ ಸಾಲಿನಲ್ಲಿ ಅಜ್ಜಿಯರು ನುಗ್ಗಿದರು, ಅಜ್ಜಂದಿರು ಜಗಳವಾಡಿದರು, ಸಾಲು ಬೀದಿಯ ತುದಿ ಮುಟ್ಟಿತು. ದೊಡ್ಡಪ್ಪ ತೆಗೆದ ಫೋಟೊದ ಒಂದು ಪ್ರತಿ ಪತ್ರಾಗಾರದ ಹೊಸ ಸೇರ್ಪಡೆಯಾಗಿ ಗೋಡೆ ಏರಿತು.

ಸೋಮವಾರ ಇನ್‌ಸ್ಪೆಕ್ಟರ್ ಕಡತ ಪೂರ್ತಿ ಮಾಡಲು ಕೂತರು. ಕೃತ್ಯದ ಉದ್ದೇಶ ಎಂಬಲ್ಲಿ ಆರೋಪಿಯ ಹೇಳಿಕೆಯನ್ನು ಒಂದಕ್ಷರ ತಿದ್ದದೆ ಬರೆದರು:

“ಅವತ್ತು ನನ್ನ ಫೋಟೊ ಮುಗಿದ ಕೂಡಲೆ ಮೋಡ ಕವೀತು. ಬೆಳಕು ಸಾಲದು, ಹುಡುಗೀನ ನಾಳೆ ಕರ್ಕೊಂಡು ಬನ್ನಿ ಅಂದ್ರು ಸ್ಟುಡಿಯೊದವರು. ಮರುದಿನವೇ ಅಪ್ಪನಿಗೆ ಬೇರೆ ಊರಿಗೆ ವರ್ಗ ಆಯ್ತು. ತಂಗಿ ದಾರಿಯುದ್ದಕ್ಕೂ ಅತ್ಲು. ಶನಿವಾರ ಎದ್ದ ಕೂಡಲೆ ಆಕಾಶ ನೋಡಿದೆ. ಬೆಳಕು ಚೆನ್ನಾಗಿತ್ತು.”