ಹನ್ನೊಂದು ಸಲ ವಾಪಸ್ ಬಂದ ಫೈಲು

ಕ್ಷಮಿಸಿ. ಇದನ್ನೆಲ್ಲ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಚಳ್ಳಕೆರೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಸೆಂಟರ್, ಸಂಜೆ ಕಾಲೇಜಿನ ಬಿ.ಕಾಂ... ನನ್ನ ಬಂಡವಾಳ ಅಷ್ಟೇ. ತಪ್ಪಿದ್ದರೆ ತಿದ್ದಿಕೊಳ್ಳಿ.

ಆದರೆ ಆ ಬಿಳಿ ಜೀಪಿನ ಬಂಪರು ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಗೇಣು ದೂರದಲ್ಲಿತ್ತು. ಅದರಲ್ಲಿ ತಪ್ಪಿಲ್ಲ!

ಮಧ್ಯಾಹ್ನ ಮೂರು ಗಂಟೆ. ತಳಕು ದಾಟಿದ್ದೆ. ಜೀಪು ಪಕ್ಕಕ್ಕೆ ಬಂತು. ಅಡ್ಡ ತಿರುಗಿತು. ನಾನು ಜಲ್ಲಿಯ ಮೇಲೆ ಜಾರಿ ಬಿದ್ದೆ. ಮೊಣಕೈ ಚರ್ಮ ಕಿತ್ತುಬಂತು.

ಇಳಿದವನು ಚಿರಂಜೀವಿ. ಬಿ.ಜಿ. ಕೆರೆ ಆಚೆಯ ಕಲ್ಲು ಕ್ವಾರಿಯ ಮ್ಯಾನೇಜರ್.

ಬೈಕಿನ ಕೀ ಕಿತ್ತುಕೊಂಡು ಜೇಬಿಗೆ ಹಾಕಿದ.

"ಏನ್ಲೇ ಮಾರುತೇಶ... ನಿನ್ ಫೈಲು ಏರ್ತಾನೇ ಇಲ್ವಂತೆ?"

ಇವನಿಗೆ ಯಾರು ಹೇಳಿದರು?

"ಐದು ಗಂಟೆ ತನಕ ಇಲ್ಲೇ ಕುಂತ್ಕೊ. ಟೀ ತರಿಸ್ತೀನಿ. ಮಿರ್ಚಿನೂ ತರಿಸ್ಲಾ?"

ಅವನ ನಗು ನೋಡಿ ರಕ್ತ ಕುದಿಯಿತು.

ಐದು ಗಂಟೆಯ ಕತೆ ಇಷ್ಟು. ಶೈಲಜಾ ಮೇಡಂ ಸಂಶೋಧಕಿ, ಫೈಲು ಏರಿಸಲು ಬೆಳಗ್ಗೆಯೇ ನನ್ನ ಸೆಂಟರಿಗೆ ಬಂದಿದ್ದರು. ಎರಡು ವರ್ಷದಿಂದ ಆ ಕ್ವಾರಿ ಸುತ್ತಲಿನ ಒಂಬತ್ತು ಬೋರ್‌ವೆಲ್‌ಗಳ ನೀರಿನ ಮಟ್ಟ ಬರೆಸಿದ್ದರು. ಕ್ವಾರಿ ಅಗೆದಷ್ಟೂ ಬೋರಿನ ನೀರು ಇಳಿಯುತ್ತಿತ್ತು. ಕ್ವಾರಿಯವರಿಗೆ ಇನ್ನೂ ಆಳಕ್ಕೆ ಅಗೆಯುವ ಆಸೆ. ಅದರ ಅನುಮತಿಗೆ ಮರುದಿನ ಮೊಳಕಾಲ್ಮೂರಿನಲ್ಲಿ ಅಹವಾಲು ಸಭೆ. ಅಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು... ಅಳತೆಗಳನ್ನು ಎಲ್ಲರಿಗೂ ಕಾಣುವಂತೆ ಸಂಶೋಧನಾ ದತ್ತಾಂಶದ ವೆಬ್‌ಸೈಟಿಗೆ ಏರಿಸಿ, ಅದು ಕೊಡುವ ಕಾಯಂ ನಂಬರನ್ನು ಅವತ್ತೇ ಸಂಜೆ ಐದರೊಳಗೆ ಕಳಿಸಬೇಕು. ಇಲ್ಲದಿದ್ದರೆ ನೋಡುವುದೇ ಇಲ್ಲ!

ಬೆಳಗಿನಿಂದ ಹನ್ನೊಂದು ಸಲ ಏರಿಸಿದ್ದೆ.

ಹನ್ನೊಂದು ಸಲವೂ ಕೆಂಪು ಅಕ್ಷರ. ವ್ಯಾಲಿಡೇಶನ್ ಫೇಲ್ಡ್!

ನೆಟ್ ಬದಲಿಸಿದೆ. ಬ್ರೌಸರ್ ಬದಲಿಸಿದೆ. ಫೈಲನ್ನು ತುಂಡು ಮಾಡಿ ಆರಾರು ತಿಂಗಳು ಏರಿಸಿ ನೋಡಿದೆ. ಎಲ್ಲ ತುಂಡೂ ವಾಪಸ್. ಕೊನೆಗೆ ಸಾಲು ಸಾಲು ಓದಿದೆ. ಆಗ ಸಿಕ್ಕಿತು.

ಸುಮಾರು ತಿಂಗಳಿಗೊಂದು ದಿನ ಅಳತೆಯೇ ಇಲ್ಲ. ಅದರ ಮಾರನೆಯ ದಿನ ಪ್ರತಿ ಬೋರಿಗೂ ಎರಡೆರಡು ಅಳತೆ! ಎರಡು ವರ್ಷದಲ್ಲಿ ಇಂಥ ದಿನ ಇಪ್ಪತ್ತೈದು. ಒಂದೇ ತಾರೀಕಿಗೆ ಎರಡು ಸಾಲು ಕಂಡರೆ ಆ ವೆಬ್‌ಸೈಟು ಇಡೀ ಫೈಲನ್ನೇ ತಳ್ಳುತ್ತದೆ.

"ಒಂದು ಸಾಲು ಡಿಲೀಟ್ ಮಾಡ್ರಿ, ಮುಗೀತಲ್ಲ," ಎಂದರು ಮೇಡಂ.

"ಯಾವುದನ್ನ?"

"ಯಾವುದಾದ್ರೂ! ಟೈಮಿಲ್ಲ ಮಾರುತೇಶ್!"

ನನಗೆ ಕೈ ಬರಲಿಲ್ಲ. ಇಷ್ಟಕ್ಕೂ ನಾನ್ಯಾರು ಅಳಿಸಲು? ನಾಳೆ ಕ್ವಾರಿಯವರು ಅದೇ ಸಾಲನ್ನು ಎತ್ತಿ ಹಿಡಿದು ಸುಳ್ಳು ಎಂದರೆ? ಅಳತೆ ಬರೆದವನು ಕುರಿ ಕಾಯುವ ಓಬಳಪ್ಪ. ಮೇಯಿಸಲು ಹೋದಾಗ ಚಾರ್ಜು ಉಳಿಸಲೆಂದು ಫೋನ್ ಆಫ್ ಮಾಡುವ ಆಸಾಮಿ. ಅದಕ್ಕೇ ಮೇಡಂ ಅವರನ್ನು ಸೆಂಟರಿನಲ್ಲೇ ಕೂರಿಸಿ ಬೈಕ್ ಹತ್ತಿದ್ದೆ.

ಈಗ ಜಲ್ಲಿಯ ಮೇಲೆ ಕೂತಿದ್ದೆ. ಮೂರು ಇಪ್ಪತ್ತು... ಮೂರು ನಲವತ್ತು...

"ಆ ಮುದುಕ ಅಳತೇನೆಲ್ಲ ಕುಂತಲ್ಲೇ ಬರ್ದವ್ನೆ ಅಂತ ಆಫೀಸರಿಗೆ ಒಂದು ಮೇಲ್ ಹಾಕು ಸಾಕು," ಎಂದ ಚಿರಂಜೀವಿ. "ನಿನ್ ಅಂಗಡಿ ಬಾಗ್ಲು ತೆರೆದಿರ್ತದೆ."

"ಇಲ್ಲಾಂದ್ರೆ?"

"ಶಟರ್ ಎಳೆಯಾಕೆ ನನಗೆ ಎಷ್ಟೊತ್ತು ಬೇಕು?"

ಆಗ ಗಂಟೆಯ ಸದ್ದು ಕೇಳಿತು. ಧೂಳು. ಆಮೇಲೆ ಕುರಿ... ಕುರಿ... ಕುರಿ! ರಸ್ತೆಯ ತುಂಬ ಮುನ್ನೂರು ಕುರಿ. ಹಿಂದೆ ಕಂಬಳಿ ಹೊದ್ದ ಓಬಳಪ್ಪ.

"ಏಮಪ್ಪಾ, ರಸ್ತೆ ನಿಮ್ಮ ತಾತಂದಾ? ಜೀಪು ಅಡ್ಡ ನಿಲ್ಸಿದೀಯಲ್ಲ!"

"ಹೊಡಿಯೋ ಆ ಕಡೆ!"

"ಕುರೀಗೆ ನೀನೇ ಹೇಳು. ಮ್ಯಾನೇಜರ್ ಅಲ್ವಾ!"

ಚಿರಂಜೀವಿಯ ಸೊಂಟದವರೆಗೆ ಕುರಿ ಒತ್ತಿದವು. ಅವನು ಜೀಪಿಗೆ ಅಂಟಿಕೊಂಡ. ನಾನು ಎದ್ದೆ. ಬೈಕ್ ಬಿಟ್ಟೆ. ಬಗ್ಗಿಕೊಂಡು ಕುರಿಗಳ ನಡುವೆಯೇ ಓಡಿದೆ!

ದೂರದ ಜಾಲಿ ಮರೆಯಲ್ಲಿ, ಓಬಳಪ್ಪ ಕಂಬಳಿಯೊಳಗಿಂದ ತೆಗೆದುಕೊಟ್ಟ ಅಳತೆ ಪುಸ್ತಕ ಬಿಚ್ಚಿದೆ. ಸಿಟ್ಟು ಅವನ ಮೇಲೂ ಇತ್ತು.

"ಈ ದಿನ ಯಾಕಜ್ಜ ಖಾಲಿ? ಮಾರನೇ ದಿನ ಯಾಕೆ ಎರಡು? ಕುಂತಲ್ಲೇ ಬರೆದ್ಯಾ?"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಲೇ ತಮ್ಮಾ... ಅವತ್ತು ಅಮಾಸಿ."

"ಅಮಾಸಿ?"

"ಅಮಾಸಿ ದಿನ ನೀರು ಇಳಿದಿದ್ದನ್ನ ಬರೀಬಾರ್ದು. ಬರೆದ್ರೆ ಇನ್ನೂ ಇಳೀತದೆ. ಆದ್ರೆ ಅಳೀತೀನಿ ಅಂತ ಆಯಮ್ಮಗೆ ಮಾತು ಕೊಟ್ಟೀನಲ್ಲ! ಅಳೆದೆ, ಫೋಟೋ ಹೊಡ್ಕೊಂಡೆ, ಬಾಯಿಪಾಠ ಮಾಡ್ಕೊಂಡೆ. ಮಾರನೇ ದಿನ, ಆ ಮಾರನೇ ದಿನದ್ದೇ ತಾರೀಕು ಹಾಕಿ ಎರಡೂ ಬರೆದೆ. ಹಳೇದು ಮ್ಯಾಲೆ, ಹೊಸದು ಕೆಳಗೆ."

ನನಗೆ ನನ್ನ ಕೆನ್ನೆಗೇ ಬಾರಿಸಿಕೊಳ್ಳುವಷ್ಟು ಕೋಪ ಬಂತು. ನನ್ನ ಮಾನಿಟರ್ ಮೇಲೆಯೇ ಕ್ಯಾಲೆಂಡರ್ ನೇತಾಡುತ್ತಿದೆ. ಅಮಾವಾಸ್ಯೆಗೆಲ್ಲ ದುಂಡನೆ ಕಪ್ಪು ಚುಕ್ಕೆ. ಅಮಾವಾಸ್ಯೆಯ ದಿನ ನಾನೇ ಹೊಸ ಪ್ರಿಂಟರಿನ ಪ್ಯಾಕು ಬಿಚ್ಚುವುದಿಲ್ಲ! ಬೆಳಗಿನಿಂದ ಆ ಕ್ಯಾಲೆಂಡರಿನ ಕೆಳಗೇ ಕೂತು ಕಳ್ಳನನ್ನು ಹುಡುಕಿದ್ದೆ.

ಅವನ ಫೋನ್ ಆನ್ ಮಾಡಿಸಿದೆ. ಫೋಟೋಗಳಲ್ಲಿ ಟೇಪು, ಬೋರಿನ ಪೈಪು, ತಾರೀಕು. ಐದಾರು ಅಮಾವಾಸ್ಯೆ ತೆಗೆದು ನೋಡಿದೆ. ಮೇಲಿನ ಅಳತೆಗೆ ಸರಿಯಾಗಿ ಕೂತವು.

ನಾಲ್ಕು ಇಪ್ಪತ್ತು. ಮೇಡಂಗೆ ಫೋನ್ ಮಾಡಿದೆ.

"ಏನೂ ಅಳಿಸಬೇಡ್ರಿ. ಎರಡರಲ್ಲಿ ಮೇಲಿನ ಸಾಲನ್ನ ಒಂದು ದಿನ ಹಿಂದಕ್ಕೆ ಹಾಕ್ರಿ. ಗೋಡೆ ಮೇಲೆ ಕ್ಯಾಲೆಂಡರ್ ಐತೆ, ಹಳೇ ವರ್ಷದ್ದು ನೆಟ್‌ನಲ್ಲಿ ಸಿಗ್ತದೆ, ತಾಳೆ ನೋಡ್ರಿ. ಜೊತೆಗೊಂದು ಟಿಪ್ಪಣಿ ಸೇರಿಸ್ರಿ. ಅಮಾವಾಸ್ಯೆ ದಿನ ಅಳೆದು, ಮಾರನೇ ದಿನ ಬರೆದದ್ದು ಅಂತ."

"ಇದನ್ನ ಬರೆದ್ರೆ ನಗ್ತಾರೆ, ಮಾರುತೇಶ್!"

"ನಗಲಿ ಮೇಡಂ! ಮುಚ್ಚಿಟ್ಟು ನಾಳೆ ಸಿಕ್ಕಿಬಿದ್ರೆ ಅಜ್ಜನ್ನ ಕಳ್ಳ ಅಂತಾರೆ!"

ಮೊದಲ ಸಲ ಅವರ ಮೇಲೆ ದನಿ ಎತ್ತಿದ್ದೆ.

ನಾಲ್ಕು ಐವತ್ತಕ್ಕೆ ಹನ್ನೆರಡನೇ ಸಲ ಏರಿಸಿದರು. ಫೋನ್ ಕಿವಿಗೇ ಇತ್ತು. ಅರವತ್ತು ಪರ್ಸೆಂಟ್... ಎಂಬತ್ತು... ತೊಂಬತ್ತೊಂಬತ್ತು...

"ಹಸಿರು ಬಂತು! ನಂಬರ್ ಬಂತು! ಕಳಿಸಿದೆ!"

ಅಷ್ಟರಲ್ಲಿ ನಮ್ಮನ್ನು ಹುಡುಕುತ್ತ ಚಿರಂಜೀವಿ ಜಾಲಿ ಸೀಳಿಕೊಂಡು ಬಂದ. ಅಂಗಿ ತುಂಬ ಮುಳ್ಳು. ಪುಸ್ತಕ ಕಿತ್ತುಕೊಂಡ.

"ಸುಟ್ಟಾಕ್ತೀನಿ!"

"ಸುಡಣ್ಣ," ಎಂದೆ. "ಎಲ್ಲ ಮ್ಯಾಲೆ ಹೋಯ್ತು. ಇಡೀ ಪ್ರಪಂಚಕ್ಕೆ ಕಾಣ್ತದೆ."

"ಅಳಿಸು!"

"ಒಂದ್ಸಲ ನಂಬರ್ ಬಿದ್ರೆ ನಾನೂ ಅಳಿಸೋಕಾಗಲ್ಲ, ನಿಮ್ಮಪ್ಪನೂ ಅಳಿಸೋಕಾಗಲ್ಲ!"

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಈಗಲೂ ಆಶ್ಚರ್ಯ.

ಅವನು ಪುಸ್ತಕ ನೆಲಕ್ಕೆ ಬಿಸಾಕಿ, ಬೈಕಿನ ಕೀಯನ್ನು ಜಾಲಿ ಪೊದೆಗೆ ಎಸೆದು ಹೋದ. ಹುಡುಕಲು ಒಂದು ಗಂಟೆ ಹಿಡಿಯಿತು. ಓಬಳಪ್ಪನೇ ಹುಡುಕಿಕೊಟ್ಟ.

ಸಭೆ ನಡೆಯಿತು. ತೀರ್ಮಾನ ಇನ್ನೂ ಬಂದಿಲ್ಲ. ಏನು ಬರುತ್ತದೋ ಗೊತ್ತಿಲ್ಲ.

ಇನ್ನೊಂದು ವಿಷಯವೂ ಗೊತ್ತಿಲ್ಲ. ಫೈಲು ಏರುತ್ತಿಲ್ಲವೆಂದು ಚಿರಂಜೀವಿಗೆ ಯಾರು ಹೇಳಿದರು? ಗೊತ್ತಿದ್ದದ್ದು ಇಬ್ಬರಿಗೇ. ಮೇಡಂ, ಮತ್ತು ನಾನು. ಅವರನ್ನು ಕೇಳಲು ನನಗೆ ಧೈರ್ಯವಿಲ್ಲ. ಟೀ ಅಂಗಡಿಯಲ್ಲಿ ನಾನೇ ಬಾಯಿ ಬಿಟ್ಟೆನೋ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಒಮ್ಮೆಯಲ್ಲ, ಹನ್ನೊಂದು ಸಲ.

ಹನ್ನೊಂದು ಸಲವೂ ಉತ್ತರ ಅದೇ ಕೆಂಪು ಅಕ್ಷರ.