ನೈರೋಬಿಗೆ ಹೊರಟವಳು

"ರೀ! ಏನ್ರೀ ಇದು... ನಮ್ಮ ಕಾಫೀನ ಹಿಂಗಾ ಉಗಿಯೋದು?!"

ಬಾಗಿಲಲ್ಲಿ ನಿಂತಿದ್ದ ಯುವಕನ ಮುಖ ಕೆಂಪಾಗಿತ್ತು. ಕೈಯಲ್ಲಿ ಚಮಚ ಹಿಡಿದಿದ್ದ ತನುಜಾ ಬೆಚ್ಚಿ ತಿರುಗಿದಳು.

ಅದು 2004ರ ಫೆಬ್ರವರಿ. ತೋಟಗಳ ಕಾಫಿ ಬೀಜ ಹದ ಮಾಡುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡಿ ಗುಣ ಹೇಳುವುದು ಅವಳ ಕೆಲಸ. ಸೊರ್ರೆಂದು ಹೀರಬೇಕು, ನಾಲಿಗೆಯ ಮೇಲೆ ಆಡಿಸಬೇಕು, ಉಗಿಯಬೇಕು. ಅಷ್ಟೂ ಕುಡಿದರೆ ನಿದ್ದೆ ಬಂದ ಹಾಗೆಯೇ!

ಅವಳಿಗೆ ನಗು ತಡೆಯಲಾಗಲಿಲ್ಲ.

"ಎಲ್ಲರ ಕಾಫೀನೂ ಹೀಗೇ ಉಗಿಯೋದು ಸಾರ್. ಬೇಜಾರು ಮಾಡ್ಕೋಬೇಡಿ. ಆದ್ರೆ ನಿಮ್ದು... ಸ್ವಲ್ಪ ಹುಳಿ ಬಂದಿದೆ. ಕೊಯ್ದ ಹಣ್ಣನ್ನ ಗುಡ್ಡೆ ಹಾಕಿ ಹಾಗೇ ಬಿಟ್ಟಿದ್ರಾ?"

ಅವನ ಸಿಟ್ಟು ಜರ್ರನೆ ಇಳಿಯಿತು. ತಲೆ ಕೆರೆದುಕೊಂಡ.

"ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಕೆಟ್ಟಿತ್ತು..."

"ರಿಪೇರಿಯವರನ್ನ ಕರೆಸಬಾರದಿತ್ತಾ?"

"ಮೂಡಿಗೆರೇಲಿ ಪಲ್ಪರ್ ರಿಪೇರಿ ಮಾಡೋನು ನಾನೇ ರೀ! ಊರೋರ ಮಿಷನ್ ನೋಡ್ತಾ ನೋಡ್ತಾ ನಮ್ಮನೇದು ಮರ್ತೇ ಹೋಯ್ತು!"

ಇಬ್ಬರೂ ಒಟ್ಟಿಗೆ ನಕ್ಕರು. ಅವನ ಹೆಸರು ಹಾಲೇಶ್. ವಸ್ತಾರೆಯ ಹತ್ತಿರ ತಾಯಿಯ ಹೆಸರಲ್ಲಿ ಪುಟ್ಟ ತೋಟ, ಮೂಡಿಗೆರೆಯಲ್ಲಿ ಒಂದು ವರ್ಕ್‌ಶಾಪು.

ಆಮೇಲೆ ಅವನು ಆಗಾಗ ಬರತೊಡಗಿದ. ಮೊದಲು ತನ್ನ ತೋಟದ ಸ್ಯಾಂಪಲ್ಲು, ಆಮೇಲೆ ನೆಂಟರ ತೋಟದ್ದು. ಕೊಯ್ಲು ಮುಗಿದು ಸ್ಯಾಂಪಲ್ಲೇ ಇಲ್ಲದಾದಾಗ... ಬರಿಗೈಲಿ ಬಂದ!

ಅವತ್ತೇ ಇಬ್ಬರೂ ಮೊದಲ ಸಲ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಎದುರುಬದುರು ಕೂತರು. ತನುಜಾ ಟೀ ತರಲು ಹೇಳಿದಳು. "ಕಾಫಿಯವಳು ಟೀ ಕುಡಿಯೋದಾ!" ಎಂದು ಅವನು ಕಣ್ಣರಳಿಸಿದ. ಆ ಕಣ್ಣುಗಳನ್ನು ಮನೆಗೆ ಹೋದ ಮೇಲೂ ಅವಳಿಗೆ ಮರೆಯಲಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನೈರೋಬಿಯ ಒಂದು ಕಾಫಿ ಕಂಪನಿಯಿಂದ ಫೋನ್ ಬಂತು. ರುಚಿ ನೋಡುವವರು ಬೇಕಂತೆ! ಪರೀಕ್ಷೆಗೆಂದು ಅವರು ಮೊದಲೇ ಕಳಿಸಿದ್ದ ಸ್ಯಾಂಪಲ್ಲುಗಳ ಗುಣವನ್ನೆಲ್ಲ ತನುಜಾ ಸರಿಯಾಗಿ ಹೇಳಿದ್ದಳು. ಜನವರಿಗೆ ಬನ್ನಿ, ಎರಡು ವರ್ಷದ ಕೆಲಸ ಎಂದರು.

ಅವಳು ಓಡಿ ಹೋಗಿ ಹೇಳಿದ್ದು ಹಾಲೇಶನಿಗೆ.

"ಹೋಗಿ! ಹೋಗ್ಲೇಬೇಕು ನೀವು!" ಒಂದು ಕ್ಷಣವೂ ಯೋಚಿಸದೆ ಅಂದುಬಿಟ್ಟ.

ತನುಜಾಳ ನಗು ಮಾಸಿತು. 'ಇಷ್ಟು ಸುಲಭಾನಾ ಇವರಿಗೆ? ಹೋಗ್ಬೇಡಿ ಅಂತ ಒಂದ್ಸಲನಾದ್ರೂ ಅನ್ನಬಾರದಿತ್ತಾ...'

ಅಂದಿದ್ದರೆ ನಿಲ್ಲುತ್ತಿದ್ದಳೇ? ಇಲ್ಲ! ಅದು ಅವಳಿಗೂ ಗೊತ್ತು. ಹಾಗಾದರೆ ಅವನ ಬಾಯಿಂದ ಏನು ಕೇಳಬೇಕಿತ್ತು? ಅದು ಮಾತ್ರ ತಿಳಿಯಲಿಲ್ಲ.

ಮನೆಯಲ್ಲಿ ಸಡಗರ ಶುರುವಾಯಿತು. ಪಾಸ್‌ಪೋರ್ಟು, ವೀಸಾ, ಹಳದಿ ಜ್ವರದ ಇಂಜೆಕ್ಷನ್ನು. ತಾಯಿ ಗಿರಿಜಾಂಬಾ ಚಟ್ನಿಪುಡಿ ಕುಟ್ಟುತ್ತಲೇ ಕಣ್ಣೊರೆಸಿಕೊಂಡರು.

"ಅಲ್ಲಿ ಸಿಂಹ ಓಡಾಡ್ತವಂತೆ ಕಣೇ!"

ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ತಂದೆ ಶಾಂತವೀರಪ್ಪ ನಕ್ಕರು. "ನಿನ್ನ ಮಗಳು ಬಾಯಿ ತೆಗೆದ್ರೆ ಸಿಂಹಾನೇ ಓಡುತ್ತೆ, ಸುಮ್ನಿರು."

ಎಲ್ಲರೂ ನಗುತ್ತಿದ್ದರು. ತನುಜಾ ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು. ಹಾಲೇಶ್ ಬರುವುದನ್ನೇ ಬಿಟ್ಟಿದ್ದ.

ಒಂದು ದಿನ ಜೊತೆಗೆ ಕೆಲಸ ಮಾಡುವ ಧನ್ಯಾ ಮೆಲ್ಲಗೆ ಅಂದಳು.

"ಹಾಲೇಶ್ ವರ್ಕ್‌ಶಾಪನ್ನ ಭಾವನಿಗೆ ವಹಿಸಿ ಕೊಡ್ತಿದಾರಂತೆ. ಬೆಂಗಳೂರಿಗೆ ಒಂದೇ ಸಮ ಓಡಾಟವಂತೆ. ಹೆಣ್ಣು ನೋಡಿರಬೇಕು ಅಂತ ಮೂಡಿಗೆರೇಲೆಲ್ಲ ಮಾತು..."

ತನುಜಾ ಆಮೇಲೆ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಅರ್ಧ ದಿನ ರಜೆ ಹಾಕಿ ಮೂಡಿಗೆರೆ ಬಸ್ ಹತ್ತಿದಳು.

ವರ್ಕ್‌ಶಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಿಚ್ಚಿಟ್ಟ ಪಲ್ಪರಿನ ಹಿಂದಿನಿಂದ ಹಾಲೇಶನ ದನಿ ಕೇಳುತ್ತಿತ್ತು.

"ಹಬಾರಿ... ಹಬಾರಿ ಜಾ ಅಸುಬುಹಿ... ಅಸಾಂತೆ ಸಾನಾ..."

'ಮಿಷನ್ ಜೊತೆ ಮಾತಾಡ್ತಿದಾರಾ?! ಅದೂ ಯಾವ ಭಾಷೇಲಿ!'

"ಹುಡುಗಿ ಹೇಗಿದಾಳೆ?" ಅವಳು ಗಟ್ಟಿಯಾಗಿ ಕೇಳಿದಳು.

ಹಾಲೇಶ್ ಗಾಬರಿಯಿಂದ ಎದ್ದ. ತಲೆ ಕಬ್ಬಿಣಕ್ಕೆ ಬಡಿಯಿತು. "ಅಯ್ಯೋ! ಯಾ... ಯಾವ ಹುಡುಗಿ?"

"ಬೆಂಗಳೂರಲ್ಲಿ ನೋಡಿದ್ರಲ್ಲ, ಅವಳು!"

"ಬೆಂಗಳೂರಲ್ಲಿ ನಾನು ನೋಡಿದ್ದು ಪಾಸ್‌ಪೋರ್ಟ್ ಆಫೀಸು ಕಣ್ರೀ!"

ತನುಜಾ ನಿಂತಲ್ಲೇ ನಿಂತಳು.

"ಪಾಸ್‌ಪೋರ್ಟಾ...? ಎಲ್ಲಿಗೆ?"

"ಇನ್ನೆಲ್ಲಿಗೆ?" ಅವನು ತಲೆ ತಗ್ಗಿಸಿದ. "ಬೆಂಗಳೂರಲ್ಲಿ ಓದ್ತಿರೋ ಕೀನ್ಯಾದ ಹುಡುಗನೊಬ್ಬ ಅವರ ಸ್ವಾಹಿಲಿ ಭಾಷೆ ಹೇಳಿಕೊಟ್ಟ. ಅಲ್ಲಿನ ಕಾಫಿ ಫ್ಯಾಕ್ಟರಿಗಳಿಗೂ ಫೋನ್ ಮಾಡಿದೆ. ಎಲ್ಲರೂ 'ಇಲ್ಲಿಗೆ ಬಂದ್ಮೇಲೆ ನೋಡೋಣ' ಅಂತಾರೆ. ಕೆಲಸ ಸಿಕ್ಕಿದ ಮೇಲೆ ನಿಮ್ಮೆದುರಿಗೆ ಬರೋಣ ಅಂತಿದ್ದೆ. ಏನೂ ಇಲ್ದೆ ಯಾವ ಮುಖ ಇಟ್ಕೊಂಡು ಬರ್ಲಿ?"

"ಮೊದಲೇ ಯಾಕೆ ಹೇಳಲಿಲ್ಲ?"

"ನನಗೋಸ್ಕರ ನೀವು ಹೋಗದೆ ನಿಂತುಬಿಟ್ರೆ ಅಂತ ಭಯ."

"ನಾನು ನಿಲ್ತಿರಲಿಲ್ಲ!"

ಅವನು ಒಂದು ಕ್ಷಣ ಪೆಚ್ಚಾಗಿ ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ. ತನುಜಾಳ ಕಣ್ಣು ಮಾತ್ರ ತುಂಬಿ ಬಂತು. ಇಷ್ಟು ದಿನ ತಿಳಿಯದಿದ್ದದ್ದು ಈಗ ಬಾಯಿಗೆ ಬಂತು.

"ನಂಗೆ ಬೇಕಾಗಿದ್ದು 'ಹೋಗ್ಬೇಡ' ಅನ್ನೋ ಮಾತಲ್ಲ ಹಾಲೇಶ್. 'ನಾನೂ ಬರ್ತೀನಿ' ಅನ್ನೋದು..."

"ಹೆಂಡ್ತಿ ಸಂಬಳದಲ್ಲಿ ಕೂತು ತಿನ್ನೋನು ಅಂತಾರೆ ಊರೋರು."

"ಊರೋರು ನೈರೋಬಿಗೆ ಬರ್ತಾರಾ?"

ಅವನು ಹತ್ತಿರ ಬಂದ. ಎಣ್ಣೆ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೆಲ್ಲನೆ, ಮೊದಲ ಸಲ ಏಕವಚನದಲ್ಲಿ ಅಂದ.

"ನಾನೂ ಬರ್ತೀನಿ ತನುಜಾ. ಕರ್ಕೊಂಡು ಹೋಗ್ತೀಯಾ?"

ಮುಂದಿನ ಭಾನುವಾರ ಅವನು ತಾಯಿ ದೇವೀರಮ್ಮನ ಜೊತೆ ತನುಜಾಳ ಮನೆಗೆ ಬಂದ. ಜಾತಿ, ಕುಲದ ಮಾತು ಬೇಗ ಮುಗಿಯಿತು. ಶಾಂತವೀರಪ್ಪ ಕನ್ನಡಕ ಸರಿಮಾಡಿಕೊಂಡರು.

"ಅಲ್ಲಿ ನಿಮಗೇನು ಕೆಲಸ?"

ತನುಜಾ ಹಾಲೇಶನ ಕಡೆ ನೋಡಿದಳು. ಒಂದು ಸಣ್ಣ ಸುಳ್ಳು ಸಾಕಿತ್ತು...

"ಇನ್ನೂ ಏನೂ ಇಲ್ಲ ಸಾರ್. ಹೋಗಿ ಹುಡುಕ್ಬೇಕು."

ಶಾಂತವೀರಪ್ಪ ಅವನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಗಿರಿಜಾ, ಸಿಹಿ ತಗೊಂಡು ಬಾ. ಇಲ್ಲದ್ದನ್ನ ಇಲ್ಲ ಅಂತ ಹೇಳೋ ಧೈರ್ಯ ಇರೋನು ಎಲ್ಲಿ ಹೋದ್ರೂ ಬದುಕ್ತಾನೆ."

"ಸದ್ಯ! ಸಿಂಹ ಬಂದ್ರೆ ಜೊತೆಗೊಬ್ಬ ಇರ್ತಾನಲ್ಲ!" ಎಂದರು ಗಿರಿಜಾಂಬಾ. ದೇವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಡಿಸೆಂಬರಿನಲ್ಲಿ ಮದುವೆ. ಜನವರಿಯಲ್ಲಿ ಪ್ರಯಾಣ.

ನೈರೋಬಿಯಲ್ಲಿ ತನುಜಾ ದಿನಾ ಕೆಲಸಕ್ಕೆ ಹೋದರೆ, ಹಾಲೇಶ್ ಅವಳಿಗೆ ಅಕ್ಕಿರೊಟ್ಟಿ ತಟ್ಟಿ ಕೊಟ್ಟು ಕೆಲಸ ಹುಡುಕಲು ಹೊರಡುತ್ತಿದ್ದ. ಎಷ್ಟೋ ಕಡೆ ಇಲ್ಲ ಎಂದರು. ಸೋತು ಬಂದ ಸಂಜೆಗಳಲ್ಲೆಲ್ಲ ತನುಜಾ ಏನಾದರೂ ತಮಾಷೆ ಹೇಳಿ ಅವನನ್ನು ನಗಿಸುತ್ತಿದ್ದಳು.

ಜೂನ್ ತಿಂಗಳ ಒಂದು ಸಂಜೆ ಅವನು ಬಾಗಿಲಲ್ಲೇ ನಿಂತ. ಮೊಣಕೈವರೆಗೂ ಗ್ರೀಸು!

"ತನು... ಥಿಕಾ ಊರಿನ ಹತ್ತಿರದ ಕಾಫಿ ಫ್ಯಾಕ್ಟರೀಲಿ ಇವತ್ತು ಮಿಷನ್ ಬಿಚ್ಚಿ ಜೋಡಿಸಿ ತೋರಿಸು ಅಂದ್ರು. ಸೋಮವಾರದಿಂದ ಬರೋಕೆ ಹೇಳಿದಾರೆ ಕಣೇ! ಕೆಲಸದ ಪರ್ಮಿಟ್ಟೂ ಅವ್ರೇ ಮಾಡಿಸ್ತಾರಂತೆ!"

ತನುಜಾ ಬಾಯಿಗೆ ಕೈ ಇಟ್ಟುಕೊಂಡಳು. ಕಣ್ಣೀರು ದಳದಳ ಇಳಿಯಿತು.

"ಏಯ್, ಕೆಲಸ ಸಿಗದ ದಿನವೆಲ್ಲ ನಗ್ತಿದ್ದೆ. ಸಿಕ್ಕಿದ ದಿನ ಅಳ್ತೀಯಾ?"

"ಅವಾಗ ನಾನೂ ಅತ್ತಿದ್ರೆ ನಿಮ್ಮನ್ನ ನಗಿಸೋರು ಯಾರಿದ್ರು?"

ಅವನು ಎರಡು ಹೆಜ್ಜೆ ಮುಂದೆ ಬಂದು, ತನ್ನ ಕೈಗಳನ್ನು ನೋಡಿಕೊಂಡು ತಡೆದ.

"ಸೀರೆಗೆಲ್ಲ ಗ್ರೀಸ್ ಆಗುತ್ತೆ..."

"ಆಗ್ಲಿ, ಬನ್ನಿ," ಎಂದಳು ತನುಜಾ.